ಆಮೇಲೆ ಬದಲಿಸಲಾಗದ್ದಕ್ಕೆ ಮೊದಲ ಹಣ: ಇಂದಿನ ಹೊಸ ಕಾರುಗಳ ವಿಮರ್ಶೆ

ಹೊಸ ಕಾರುಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಯಾವುದೋ ಒಂದು ಮಾದರಿಯನ್ನು ಎತ್ತಿಕೊಂಡು, ಅದರ ಎಂಜಿನ್ ಎಷ್ಟು ಚುರುಕು, ಪರದೆ ಎಷ್ಟು ಅಗಲ ಎಂದು ವಿವರಿಸಿ, ಹತ್ತಕ್ಕೆ ಇಷ್ಟು ಅಂಕವೆಂದು ಹೇಳಿ ಮುಗಿಯುತ್ತವೆ. ಕೊಳ್ಳುವವರ ಕಷ್ಟ ಅದಕ್ಕಿಂತ ಹಿಂದಿನ ಹಂತದ್ದು. ಯಾವ ಬಗೆಯ ಕಾರು ಬೇಕು, ಅದರಲ್ಲಿ ಯಾವ ವೇರಿಯಂಟ್‌ಗೆ ಹಣ ಸುರಿಯಬಹುದು, ಎಷ್ಟು ಸಾಲ ತೆಗೆಯಬಹುದು ಎಂಬುದು ತೀರ್ಮಾನವಾಗದೆ ಮಾದರಿಗಳ ಪಟ್ಟಿ ಹಿಡಿದು ಶೋರೂಮಿನಿಂದ ಶೋರೂಮಿಗೆ ಅಲೆಯುವವರೇ ಹೆಚ್ಚು. ಹೀಗಾಗಿ ಇಂದು ಮಾರಾಟಕ್ಕಿರುವ ಕಾರುಗಳ ಬಗೆಗಳನ್ನೇ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ನನ್ನ ಅಳತೆಗೋಲು ಒಂದೇ: ಕಾರಿನಲ್ಲಿ ಕೆಲವನ್ನು ಕೊಂಡ ಮೇಲೂ ಹಾಕಿಸಿಕೊಳ್ಳಬಹುದು, ಕೆಲವನ್ನು ಎಷ್ಟು ಹಣ ಕೊಟ್ಟರೂ ಆಮೇಲೆ ಬದಲಿಸಲು ಬರುವುದಿಲ್ಲ, ಬಜೆಟ್ಟಿನ ಮೊದಲ ಪಾಲು ಈ ಎರಡನೆಯ ಗುಂಪಿಗೆ ಸಲ್ಲಬೇಕು.

ಮ್ಯೂಸಿಕ್ ಸಿಸ್ಟಮ್, ಸ್ಪೀಕರ್, ಹಿಂಬದಿಯ ಕ್ಯಾಮೆರಾ, ಸೀಟ್ ಕವರ್, ಅಲಾಯ್ ಚಕ್ರ, ಫಾಗ್ ಲ್ಯಾಂಪ್ ಇವೆಲ್ಲ ಮೊದಲ ಗುಂಪಿನವು. ವಾರಂಟಿಯ ನಿಯಮಗಳನ್ನು ಓದಿಕೊಂಡು, ವೈರಿಂಗ್ ಕತ್ತರಿಸದೆ ಕೆಲಸ ಮಾಡಬಲ್ಲ ಕಡೆ ಹಾಕಿಸಿದರೆ ತೊಂದರೆಯೇನಿಲ್ಲ. ಉಕ್ಕಿನ ಕವಚ, ಏರ್‌ಬ್ಯಾಗ್, ಎಂಜಿನ್, ಗೇರ್‌ಬಾಕ್ಸ್, ಬ್ಯಾಟರಿ, ಸೀಟಿನ ಎತ್ತರ, ಹಿಂದಿನ ಬಾಗಿಲಿನ ಅಗಲ ಇವು ಎರಡನೆಯ ಗುಂಪು. ತಯಾರಕರ ಜಾಣತನ ಇರುವುದು ಈ ಎರಡನ್ನೂ ಬೆರೆಸಿ ವೇರಿಯಂಟ್‌ಗಳನ್ನು ಕಟ್ಟುವುದರಲ್ಲಿ. ಪಕ್ಕದ ಪರದೆ ಏರ್‌ಬ್ಯಾಗ್ ಬೇಕೆಂದರೆ ಸನ್‌ರೂಫ್ ಇರುವ ಮೇಲಿನ ವೇರಿಯಂಟನ್ನೇ ಕೊಳ್ಳಬೇಕೆಂಬ ಸ್ಥಿತಿ ಹಲವು ಮಾದರಿಗಳಲ್ಲಿದೆ. ಅಂಥ ಸಂದರ್ಭದಲ್ಲಿ ಅದೇ ಹಣಕ್ಕೆ, ಕೆಳಗಿನ ವೇರಿಯಂಟ್‌ನಲ್ಲೇ ಸುರಕ್ಷತೆಯ ಸಲಕರಣೆ ಪೂರ್ತಿಯಾಗಿ ಕೊಡುವ ಇನ್ನೊಂದು ಮಾದರಿ ಸಿಗುತ್ತದೆಯೇ ಎಂದು ನೋಡುವುದು ಮೇಲು.

ಸುರಕ್ಷತೆಯ ವಿಷಯದಲ್ಲಿ ನಕ್ಷತ್ರಗಳನ್ನು ಎಣಿಸಿದರಷ್ಟೇ ಸಾಲದು, ಅವುಗಳ ಹಿಂದಿನ ವರದಿಯನ್ನು ಓದಬೇಕು. ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿ ನಕ್ಷತ್ರ ಕೊಡುವ ಸಂಸ್ಥೆಗಳಲ್ಲಿ ಯೂರೋ ಎನ್‌ಕ್ಯಾಪ್ 1997ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿತು. ಗ್ಲೋಬಲ್ ಎನ್‌ಕ್ಯಾಪ್ ಆರಂಭವಾದದ್ದು 2011ರಲ್ಲಿ. ಅಂದಿನಿಂದ ಪರೀಕ್ಷೆಯ ನಿಯಮಗಳು ಮತ್ತೆ ಮತ್ತೆ ಬಿಗಿಯಾಗಿವೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಶೇ. 40ರಷ್ಟನ್ನು ನಿಂತ ತಡೆಗೆ ಗುದ್ದಿಸುವ ಹಳೆಯ ಪರೀಕ್ಷೆಯ ಬದಲಿಗೆ, ಕಾರು ಮತ್ತು ಗಾಲಿಯ ಮೇಲಿನ ತಡೆ ಎರಡೂ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುವ ಪರೀಕ್ಷೆಯನ್ನು ಯೂರೋ ಎನ್‌ಕ್ಯಾಪ್ 2020ರಲ್ಲಿ ತಂದಿತು. ಆದ್ದರಿಂದ ಹತ್ತು ವರ್ಷ ಹಿಂದಿನ ಐದು ನಕ್ಷತ್ರವೂ ಇಂದಿನ ಐದು ನಕ್ಷತ್ರವೂ ಒಂದೇ ಅಲ್ಲ. ವರದಿಯಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು: ಪರೀಕ್ಷೆ ನಡೆದ ವರ್ಷ, ಪರೀಕ್ಷೆಗೆ ಒಳಪಟ್ಟ ಕಾರಿನಲ್ಲಿದ್ದ ಏರ್‌ಬ್ಯಾಗ್‌ಗಳ ಸಂಖ್ಯೆ, ಮತ್ತು ಪ್ರಯಾಣಿಕರು ಕೂರುವ ಕವಚ ಸ್ಥಿರವಾಗಿ ಉಳಿಯಿತೇ ಎಂಬ ಮಾತು. ನೀವು ಕೊಳ್ಳುವ ವೇರಿಯಂಟ್‌ನಲ್ಲಿ ಪರೀಕ್ಷೆಗೊಳಗಾದ ಕಾರಿಗಿಂತ ಕಡಿಮೆ ಸಲಕರಣೆ ಇದ್ದರೆ ಆ ನಕ್ಷತ್ರಗಳು ನಿಮ್ಮ ಕಾರಿನವಲ್ಲ. ಇನ್ನೊಂದು ಮಾತನ್ನು ಹೇಳಲೇಬೇಕು. ಇಂಥ ಮುಂಭಾಗದ ಪರೀಕ್ಷೆಯ ಅಂಕಗಳು ಸರಿಸುಮಾರು ಒಂದೇ ತೂಕದ ಕಾರುಗಳ ನಡುವೆ ಮಾತ್ರ ಹೋಲಿಕೆಗೆ ಬರುತ್ತವೆ. ಪುಟ್ಟ ಕಾರಿನ ಐದನ್ನು ಎರಡು ಟನ್ನಿನ ಕಾರಿನ ನಾಲ್ಕಕ್ಕಿಂತ ಹೆಚ್ಚೆಂದು ತಿಳಿಯುವುದು ಸರಿಯಲ್ಲ.

ಏರ್‌ಬ್ಯಾಗ್‌ಗಳ ಸಂಖ್ಯೆಗೆ ಜಾಹೀರಾತು ಕೊಡುವ ಪ್ರಾಶಸ್ತ್ಯ ಇಎಸ್‌ಸಿಗೆ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಸಿಗುತ್ತಿಲ್ಲವೆಂಬುದು ನನ್ನ ದೂರು. ಕಾರು ಜಾರಿ ಅಡ್ಡ ತಿರುಗುವ ಮೊದಲೇ ಒಂದೊಂದು ಚಕ್ರದ ಬ್ರೇಕನ್ನು ಬೇರೆಬೇರೆಯಾಗಿ ಒತ್ತಿ ದಾರಿಗೆ ತರುವ ಈ ವ್ಯವಸ್ಥೆ 1995ರಲ್ಲಿ ದುಬಾರಿ ಕಾರಿನ ಮೂಲಕ ಮಾರುಕಟ್ಟೆಗೆ ಬಂದು, ಇಂದು ಹಲವು ದೇಶಗಳಲ್ಲಿ ಕಡ್ಡಾಯವಾಗಿದೆ. ಏರ್‌ಬ್ಯಾಗ್ ಅಪಘಾತವಾದ ಮೇಲೆ ಕೆಲಸ ಮಾಡುತ್ತದೆ, ಇಎಸ್‌ಸಿ ಅಪಘಾತವೇ ಆಗದಂತೆ ಕೆಲಸ ಮಾಡುತ್ತದೆ. ಕಡ್ಡಾಯವಿಲ್ಲದ ಕಡೆ ಕೊಳ್ಳುವವರು ಇದೊಂದನ್ನು ಬಿಟ್ಟುಕೊಡಬಾರದು. ಹಿಂದಿನ ಸೀಟಿನ ನಡುವೆ ಕೂರುವವರಿಗೆ ಮೂರು ಬಿಂದುಗಳ ಬೆಲ್ಟ್ ಮತ್ತು ತಲೆಯಾನಿಕೆ ಇದೆಯೇ ಎಂದೂ ನೋಡಬೇಕು. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ 1959ರಲ್ಲೇ ಕಾರಿಗೆ ಬಂದಿದ್ದರೂ ಅಗ್ಗದ ಕಾರುಗಳ ಆ ನಡುಸೀಟಿಗೆ ಹೊಟ್ಟೆಯ ಮೇಲೆ ಹಾಯುವ ಪಟ್ಟಿಯೊಂದೇ ಗತಿಯಾಗಿರುವುದುಂಟು.

ಇನ್ನು ಅಗತ್ಯದ ಮಾತು. ಅಗತ್ಯವನ್ನು ಮನಸ್ಸಿನಲ್ಲೇ ಅಂದಾಜು ಮಾಡಿದರೆ ಅದು ಯಾವಾಗಲೂ ಹಿಗ್ಗುತ್ತದೆ. ವರ್ಷಕ್ಕೊಮ್ಮೆ ಏಳು ಮಂದಿ ಹೋಗುವ ಪ್ರವಾಸ, ಎಂದೋ ಒಮ್ಮೆ ಏರುವ ಬೆಟ್ಟದ ಕಚ್ಚಾರಸ್ತೆ ಕಣ್ಣಿಗೆ ಕಟ್ಟುತ್ತವೆಯೇ ಹೊರತು ದಿನಬೆಳಗಾದರೆ ಒಬ್ಬರೇ ಕೂತು ಹೋಗುವ ಹನ್ನೆರಡು ಕಿಲೋಮೀಟರ್ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಮೂರು ವಾರ ಪ್ರತಿ ಓಡಾಟದ ದೂರ, ಕೂತವರ ಸಂಖ್ಯೆ, ನಿಲ್ಲಿಸಿದ ಜಾಗ ಇಷ್ಟನ್ನೇ ಬರೆದಿಟ್ಟರೆ ಸಾಕು, ಕೊಳ್ಳಬೇಕಾದ ಕಾರಿನ ಆಕಾರ ಬಹುಮಟ್ಟಿಗೆ ಆ ಪುಟದಲ್ಲೇ ಕಾಣುತ್ತದೆ. ಅಪರೂಪದ ದಿನಕ್ಕೆ ದೊಡ್ಡ ಕಾರನ್ನು ಬಾಡಿಗೆಗೆ ತರಬಹುದು. ಮೂರನೆಯ ಸಾಲಿನ ಸೀಟನ್ನು ವರ್ಷವಿಡೀ ಹೊತ್ತು ತಿರುಗುವ ಖರ್ಚು ಆ ಬಾಡಿಗೆಗಿಂತ ಹೆಚ್ಚು, ಮೇಲಾಗಿ ಆ ಸಾಲು ಎತ್ತಿದಾಗ ಡಿಕ್ಕಿಯಲ್ಲಿ ಒಂದು ಚೀಲ ಇಡಲೂ ಜಾಗ ಉಳಿಯದ ಕಾರುಗಳೇ ಹೆಚ್ಚು.

ಡಿಕ್ಕಿಯ ಅಳತೆಯನ್ನು ಲೀಟರ್‌ಗಳಲ್ಲಿ ಹೇಳುವುದು ರೂಢಿ. ಅದರಿಂದ ತಿಳಿಯುವುದು ಕಡಿಮೆ. ಅಷ್ಟೇ ಲೀಟರಿನ ಎರಡು ಡಿಕ್ಕಿಗಳಲ್ಲಿ ಒಂದಕ್ಕೆ ಬಾಯಿ ಕಿರಿದು, ಇನ್ನೊಂದಕ್ಕೆ ಸಾಮಾನು ಎತ್ತಿ ಹಾಕಬೇಕಾದ ಅಂಚು ಸೊಂಟದ ಮಟ್ಟಕ್ಕೆ ಇರಬಹುದು. ಮನೆಯ ದೊಡ್ಡ ಸೂಟ್‌ಕೇಸನ್ನೋ ಮಗುವಿನ ತಳ್ಳುಗಾಡಿಯನ್ನೋ ಶೋರೂಮಿಗೆ ಒಯ್ದು ಇಟ್ಟು ನೋಡಲು ಸಂಕೋಚ ಪಡಬೇಕಾಗಿಲ್ಲ. ಮಗುವಿನ ಸೀಟನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಕೈಗೆ ಸುಲಭವಾಗಿ ಎಟಕುತ್ತವೆಯೇ, ಹಿಂದೆ ಕೂತವರ ತೊಡೆಗೆ ಆಸರೆ ಇದೆಯೇ, ಮೊಣಕಾಲು ನೋಯುವ ಹಿರಿಯರು ಬಗ್ಗದೆ, ಏರದೆ ನೇರವಾಗಿ ಸೀಟಿಗೆ ಜಾರಿ ಕೂರಬಲ್ಲರೇ ಎಂಬುದನ್ನು ಆಯಾ ವ್ಯಕ್ತಿಗಳನ್ನೇ ಕರೆದೊಯ್ದು ಕೂರಿಸಿ ತಿಳಿಯಬೇಕು. ಎತ್ತರದ ಎಸ್‌ಯುವಿಗಳಿಗೆ ಇರುವ ಬೇಡಿಕೆಯಲ್ಲಿ ಹತ್ತಿ ಇಳಿಯುವ ಈ ಅನುಕೂಲದ ಪಾಲು ನಿಜವಾದದ್ದೇ. ಆದರೆ ಎಸ್‌ಯುವಿ ಎಂಬ ಹೆಸರಿನಲ್ಲಿ ಮಾರಾಟವಾಗುವವುಗಳಲ್ಲಿ ಬಹುಪಾಲು ಕಾರುಗಳಿಗೆ ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಅವು ಎತ್ತರಿಸಿದ ಹ್ಯಾಚ್‌ಬ್ಯಾಕ್‌ಗಳು. ಗಾಳಿಯ ತಡೆ ಹೆಚ್ಚು, ತೂಕ ಹೆಚ್ಚು, ಟೈರು ದುಬಾರಿ. ಅದೇ ಬೆಲೆಯ ಸೆಡಾನ್ ಹೆದ್ದಾರಿಯಲ್ಲಿ ಹೆಚ್ಚು ಸ್ಥಿರವಾಗಿಯೂ ಸದ್ದಿಲ್ಲದೆಯೂ ಓಡುತ್ತದೆಂಬುದು ನನ್ನ ಅಭಿಪ್ರಾಯ, ಮಾರುಕಟ್ಟೆ ಬೇರೆಯೇ ಹೇಳುತ್ತಿದ್ದರೂ.

ಇಂಧನದ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಲೆಕ್ಕ ಬೇಕು, ಎಲ್ಲಕ್ಕಿಂತ ಹೆಚ್ಚು ವದಂತಿ ಓಡಾಡುವುದೂ ಅಲ್ಲಿಯೇ. ಮೊದಲಿಗೆ ಮೈಲೇಜ್. ತಯಾರಕರು ಹೇಳುವ ಅಂಕಿ ಪ್ರಯೋಗಾಲಯದ್ದು. ಯುರೋಪಿನಲ್ಲಿ ಹಳೆಯ ಎನ್‌ಇಡಿಸಿ ಪರೀಕ್ಷೆಯ ಜಾಗಕ್ಕೆ 2017ರಿಂದ ಡಬ್ಲ್ಯುಎಲ್‌ಟಿಪಿ ಬಂದಿದೆ. ಹಳೆಯದರಲ್ಲಿ ಸುಮಾರು 11 ಕಿ.ಮೀ. ಓಟ 20 ನಿಮಿಷದಲ್ಲಿ ಮುಗಿಯುತ್ತಿತ್ತು, ಹೊಸದರಲ್ಲಿ ಸುಮಾರು 23 ಕಿ.ಮೀ. ಓಟ 30 ನಿಮಿಷ ಹಿಡಿಯುತ್ತದೆ, ವೇಗವೂ ಏರಿಳಿತವೂ ಹೆಚ್ಚು. ಹೀಗಾಗಿ ಹೊಸ ಪರೀಕ್ಷೆಯ ಅಂಕಿ ರಸ್ತೆಗೆ ಹೆಚ್ಚು ಹತ್ತಿರ. ಎರಡು ಕಾರುಗಳನ್ನು ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಪರೀಕ್ಷೆಯವೇ ಎಂದು ಕೇಳಬೇಕು. ಜೊತೆಗೆ, ಲೀಟರಿಗೆ ಇಷ್ಟು ಕಿ.ಮೀ. ಎಂಬ ಲೆಕ್ಕವೇ ಕಣ್ಣಿಗೆ ಮಣ್ಣೆರಚುತ್ತದೆ. ಸಾವಿರ ಕಿ.ಮೀ. ಓಡಲು ಲೀಟರಿಗೆ 10 ಕಿ.ಮೀ. ಕೊಡುವ ಕಾರಿಗೆ 100 ಲೀಟರ್ ಬೇಕು, 12 ಕೊಡುವುದಕ್ಕೆ ಸುಮಾರು 83. ಉಳಿತಾಯ 17 ಲೀಟರ್. 20 ಕೊಡುವ ಕಾರಿಗೆ 50 ಲೀಟರ್, 24 ಕೊಡುವುದಕ್ಕೆ ಸುಮಾರು 42. ಉಳಿತಾಯ ಬರೀ 8. ಅಂದರೆ ಈಗಾಗಲೇ ಮಿತವ್ಯಯದ ಕಾರುಗಳ ನಡುವೆ ಎರಡು ಮೂರು ಕಿ.ಮೀ. ಮೈಲೇಜಿನ ವ್ಯತ್ಯಾಸಕ್ಕಾಗಿ ದೊಡ್ಡ ಮೊತ್ತ ಹೆಚ್ಚು ಕೊಡುವುದರಲ್ಲಿ ಹುರುಳಿಲ್ಲ.

ಹೊಗೆಯ ಬಲದಿಂದ ಹೆಚ್ಚು ಗಾಳಿಯನ್ನು ಒಳಗೆ ತುಂಬುವ ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ನಿಗೆ ಇಂದು ಹೊಗಳುವವರು ಯಾರೂ ಇಲ್ಲ. ಆದರೂ ಕಡಿಮೆ ಓಡಾಟದವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ: ಬಿಡಿಭಾಗ ಕಡಿಮೆ, ರಿಪೇರಿ ಸುಲಭ, ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಸಣ್ಣ ಟರ್ಬೊ ಎಂಜಿನ್ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಉಲ್ಲಾಸ ಕೊಡುತ್ತದೆ, ಆದರೆ ಅದರ ಬಲ ಬಳಸಿಕೊಂಡಷ್ಟೂ ಮೈಲೇಜ್ ಇಳಿಯುತ್ತದೆ, ಎಂಜಿನ್ ಆಯಿಲಿನ ದರ್ಜೆ ಮತ್ತು ಬದಲಿಸುವ ಅವಧಿಯಲ್ಲಿ ಅಸಡ್ಡೆಯನ್ನು ಅದು ಸಹಿಸುವುದಿಲ್ಲ. ಡೀಸೆಲ್ಲಿನ ವಿಷಯ ಸ್ಪಷ್ಟ. ದಿನವೂ ದೂರ ಓಡುವವರಿಗೆ, ಭಾರ ಹೊರುವವರಿಗೆ ಅದು ಈಗಲೂ ಒಳ್ಳೆಯದು. ಆದರೆ ಇಂದಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದ್ದು, ಕೂಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಐದು ಕಿ.ಮೀ. ಹೋಗಿ ನಿಲ್ಲಿಸುವ ಕಾರಿನಲ್ಲಿ ಆ ಬಿಸಿ ಏರುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ, ಬದಲಿಸಬೇಕಾಗಿ ಬಂದರೆ ದೊಡ್ಡ ಖರ್ಚು. ಅಂಥ ಬಳಕೆಯವರು ಮೈಲೇಜ್ ಆಸೆಗೆ ಡೀಸೆಲ್ ಕೊಳ್ಳಬಾರದು. ಅನಿಲದ ಕಾರುಗಳಲ್ಲಿ ಇಂಧನದ ಖರ್ಚು ಉಳಿದರೂ ಸಿಲಿಂಡರ್ ಡಿಕ್ಕಿಯ ಜಾಗವನ್ನು ತಿನ್ನುತ್ತದೆ. ಬಂಕ್ ದಾರಿಯಲ್ಲೇ ಇದ್ದರೆ ಮಾತ್ರ ಅದು ಲಾಭ.

ಹೈಬ್ರಿಡ್ ಎಂಬ ಒಂದೇ ಪದದಡಿ ಮೂರು ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಪುಟ್ಟ ಮೋಟರು ಎಂಜಿನ್ನಿಗೆ ಕೈಜೋಡಿಸುತ್ತದೆ, ಸಾಮಾನ್ಯವಾಗಿ ತಾನೊಂದೇ ಕಾರನ್ನು ಎಳೆಯಲಾರದು. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಟೊಯೊಟಾ ಪ್ರಿಯಸ್ ಜನಪ್ರಿಯಗೊಳಿಸಿದ ಪೂರ್ಣ ಹೈಬ್ರಿಡ್ ಬೇರೆಯದೇ ಜಾತಿ: ನಿಧಾನದ ಟ್ರಾಫಿಕ್ಕಿನಲ್ಲಿ ಎಂಜಿನ್ ಆರಿಸಿ ಬ್ಯಾಟರಿಯಲ್ಲೇ ತೆವಳುತ್ತದೆ, ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಕೂಡಿಡುತ್ತದೆ. ಊರೊಳಗೆ ಹೆಚ್ಚು ಓಡುವ, ಚಾರ್ಜಿಂಗ್ ಸೌಲಭ್ಯವಿಲ್ಲದ ಮನೆಯವರಿಗೆ ಇಂದು ಸಿಗುವ ಅತ್ಯುತ್ತಮ ಆಯ್ಕೆ ಇದೆಂದೇ ನನ್ನ ತೀರ್ಪು. ಹೆದ್ದಾರಿಯಲ್ಲೇ ಓಡುವವರಿಗೆ ಈ ಲಾಭ ಬಹಳಷ್ಟು ಕರಗುತ್ತದೆ. ಪ್ಲಗ್-ಇನ್ ಹೈಬ್ರಿಡ್ ದಿನವೂ ಚಾರ್ಜ್ ಮಾಡುವ ಶಿಸ್ತಿದ್ದವರಿಗೆ ಮಾತ್ರ. ಚಾರ್ಜ್ ಮಾಡದಿದ್ದರೆ ಅದು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರು.

ವಿದ್ಯುತ್ ಕಾರಿನ ಪ್ರಶ್ನೆ ಬಹುಪಾಲು ಕಾರಿನದಲ್ಲ, ಪಾರ್ಕಿಂಗ್ ಜಾಗದ್ದು. ರಾತ್ರಿ ನಿಲ್ಲಿಸುವ ಕಡೆ ನಿಮ್ಮದೇ ಪ್ಲಗ್ ಇದೆಯೇ? 230 ವೋಲ್ಟ್ ಇರುವ ಕಡೆ 10 ಆಂಪಿಯರಿನ ಸಾದಾ ಸಾಕೆಟ್ಟಿನಿಂದ ಎಂಟು ಗಂಟೆಯಲ್ಲಿ ಸುಮಾರು 18 ಯೂನಿಟ್ ವಿದ್ಯುತ್ ತುಂಬುತ್ತದೆ. ಸೋರಿಕೆ ಕಳೆದು, ನೂರು ಕಿ.ಮೀ.ಗೆ 15 ಯೂನಿಟ್ ಎಂದುಕೊಂಡರೂ ಬೆಳಗ್ಗೆ ನೂರು ಕಿ.ಮೀ.ನಷ್ಟು ಓಟ ಸಿದ್ಧ. ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಓಡುವವರಿಗೆ ಇದು ಧಾರಾಳ. ಸ್ವಂತ ಪ್ಲಗ್ ಇಲ್ಲದೆ ಸಾರ್ವಜನಿಕ ಚಾರ್ಜರನ್ನೇ ನಂಬಬೇಕಾದವರಿಗೆ ಖರ್ಚಿನ ಉಳಿತಾಯವೂ ಕಡಿಮೆ, ಕಾಯುವ ಬೇಸರವೂ ತಪ್ಪದು. 40 ಯೂನಿಟ್ ಬ್ಯಾಟರಿಯ ಕಾರು ಊರೊಳಗೆ 260 ಕಿ.ಮೀ. ಆಸುಪಾಸು ಹೋಗಬಹುದು, ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೆದ್ದಾರಿಯ ವೇಗದಲ್ಲಿ ಆ ಅಂಕಿ ಬೇಗ ಕುಸಿಯುತ್ತದೆ. ತೀವ್ರ ಚಳಿಯಲ್ಲೂ ಹಾಗೆಯೇ. ಬ್ಯಾಟರಿಯ ರಸಾಯನವನ್ನೂ ಕೇಳಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದು ತುಸು ಭಾರ, ಆದರೆ ಹೆಚ್ಚು ಬಾರಿ ಚಾರ್ಜ್ ಆಗುವುದನ್ನು ತಾಳಿಕೊಳ್ಳುತ್ತದೆ, ಪೂರ್ತಿ ತುಂಬಿದರೂ ಹೆಚ್ಚು ಸವೆಯದು. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬಗೆಯದರಲ್ಲಿ ಅಷ್ಟೇ ತೂಕಕ್ಕೆ ಹೆಚ್ಚು ಶಕ್ತಿ ಹಿಡಿಯುತ್ತದೆ, ದಿನನಿತ್ಯಕ್ಕೆ ಶೇ. 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಸಾಮಾನ್ಯ, ಸಾಮರ್ಥ್ಯ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲನ್ನು ಆ ಪತ್ರದಲ್ಲಿ ಹುಡುಕಿ ಓದಬೇಕು, ಅನೇಕ ಕಡೆ ಅದು ಶೇ. 70.

ಗೇರ್‌ಬಾಕ್ಸಿನಲ್ಲಿ ಆಟೊಮ್ಯಾಟಿಕ್ ಎಂದರೆ ಎಲ್ಲವೂ ಒಂದೇ ಅಲ್ಲ. ಕ್ಲಚ್ಚನ್ನೂ ಗೇರನ್ನೂ ತಾನೇ ನಿಭಾಯಿಸುವ ಮ್ಯಾನುವಲ್ ಗೇರ್‌ಬಾಕ್ಸೇ ಆದ ಎಎಂಟಿ ಅಗ್ಗ, ಮೈಲೇಜಿಗೂ ಪೆಟ್ಟಿಲ್ಲ, ಆದರೆ ಗೇರ್ ಬದಲಾಗುವಾಗ ತಲೆ ತೂಗುತ್ತದೆ. ಗೇರಿನ ಮೆಟ್ಟಿಲುಗಳಿಲ್ಲದೆ ಅನುಪಾತ ಬದಲಿಸುವ ಸಿವಿಟಿ ನಯ, ಒತ್ತಿ ಓಡಿಸಿದರೆ ಎಂಜಿನ್ ಕೂಗುತ್ತದೆ. ಎಂಜಿನ್ನಿನ ಬಲವನ್ನು ದ್ರವದ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯದು, ನಂಬಿಕಸ್ಥ. ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಚುರುಕಿನಲ್ಲಿ ಎಲ್ಲವನ್ನೂ ಮೀರಿಸಿದರೂ ಅದರ ಒಣ ಕ್ಲಚ್ಚಿನ ಬಗೆ ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯೇರುವುದುಂಟು. ನಿತ್ಯ ಟ್ರಾಫಿಕ್ಕಿನಲ್ಲಿ ಸಿಲುಕುವವರು ಟಾರ್ಕ್ ಕನ್ವರ್ಟರನ್ನೋ ಸಿವಿಟಿಯನ್ನೋ ಆರಿಸಿಕೊಳ್ಳುವುದು ವಾಸಿ.

ಹಣದ ಮಾತಿಗೆ ಬಂದರೆ, ಬೆಲೆಪಟ್ಟಿಯ ಅಂಕಿಗೆ ತೆರಿಗೆ, ನೋಂದಣಿ, ವಿಮೆ ಸೇರಿದ ಮೇಲಿನ ಮೊತ್ತವನ್ನೇ ಬೆಲೆಯೆಂದು ತಿಳಿಯಬೇಕು, ಸಾಲದ ಅವಧಿಯನ್ನು ಕಂತಿನ ಮುಖ ನೋಡಿ ತೀರ್ಮಾನಿಸಬಾರದು. ನೂರನ್ನು ವರ್ಷಕ್ಕೆ ಶೇ. 9ರ ಇಳಿಕೆ ಬಡ್ಡಿಯಲ್ಲಿ ತೆಗೆದರೆ ಮೂರು ವರ್ಷದಲ್ಲಿ ಒಟ್ಟು ಸುಮಾರು 114 ಕಟ್ಟುತ್ತೀರಿ, ಐದು ವರ್ಷಕ್ಕೆ 125, ಏಳು ವರ್ಷಕ್ಕೆ 135. ಅದೇ ಶೇ. 9 ಅಸಲು ಇಳಿದರೂ ಇಳಿಯದ ಫ್ಲಾಟ್ ಬಡ್ಡಿಯಾದರೆ ಐದು ವರ್ಷಕ್ಕೆ 145 ಆಗುತ್ತದೆ. ಇಳಿಕೆ ಬಡ್ಡಿಯ ಲೆಕ್ಕಕ್ಕೆ ತಂದರೆ ಅದು ಶೇ. 16ಕ್ಕೆ ಹತ್ತಿರ. ದರವನ್ನು ಕೇಳುವ ಮೊದಲು ಯಾವ ಬಗೆಯ ಬಡ್ಡಿ ಎಂದು ಕೇಳುವುದು ಇದಕ್ಕಾಗಿ. ಏಳು ವರ್ಷದ ಸಾಲದಲ್ಲಿ ಇನ್ನೊಂದು ಅಪಾಯವಿದೆ. ಹೊಸ ಕಾರಿನ ಮೌಲ್ಯ ಮೊದಲ ವರ್ಷಗಳಲ್ಲೇ ಹೆಚ್ಚು ಇಳಿಯುವುದರಿಂದ, ಮಧ್ಯದಲ್ಲಿ ಮಾರಬೇಕಾಗಿ ಬಂದರೆ ಕಾರಿನ ಬೆಲೆಗಿಂತ ಬಾಕಿ ಸಾಲವೇ ದೊಡ್ಡದಿರಬಹುದು. ಐದು ವರ್ಷದ ಕಂತು ಭಾರವೆನಿಸಿದರೆ ಅವಧಿ ಹಿಗ್ಗಿಸುವ ಬದಲು ಒಂದು ಮೆಟ್ಟಿಲು ಕೆಳಗಿನ ಕಾರನ್ನು ನೋಡುವುದು ಸರಿ. ಓಡಿಸುವ ಖರ್ಚಿನಲ್ಲಿ ಟೈರನ್ನು ಮರೆಯುವವರು ಹೆಚ್ಚು: ಮೇಲಿನ ವೇರಿಯಂಟಿನ ದೊಡ್ಡ ರಿಮ್ಮಿಗೆ ಬೇಕಾದ ಗಿಡ್ಡ ಬದಿಯ ಟೈರು ದುಬಾರಿ, ಗುಂಡಿಗೆ ಬಿದ್ದರೆ ಹಾನಿಯಾಗುವುದೂ ಬೇಗ.

ಶೋರೂಮಿನ ಸೇವೆಯ ಬಗ್ಗೆ ಒಳ್ಳೆಯ ಮಾತನ್ನಾಡುವುದು ಕಷ್ಟ. ನೀವು ಕೇಳಿದ ವೇರಿಯಂಟ್ ಬಿಟ್ಟು ಟೆಸ್ಟ್ ಡ್ರೈವಿಗೆ ಮೇಲಿನದನ್ನು ತರುವುದು, ಸ್ವಂತ ದಾರಿಯ ಬದಲು ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಮುಗಿಸುವುದು ಎಲ್ಲ ಕಡೆಯ ಪದ್ಧತಿ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಕಾರಿಗೆ ಪಟ್ಟು ಹಿಡಿಯಿರಿ. ಹಾಡು ನಿಲ್ಲಿಸಿ, ಎಸಿ ಪೂರ್ತಿ ಹಾಕಿ, ಮನೆಯವರನ್ನು ತುಂಬಿಕೊಂಡು ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ಒಡಕು ರಸ್ತೆಯಲ್ಲಿ ಓಡಿಸಿ, ಸಾಧ್ಯವಾದರೆ ನಿಮ್ಮ ಪಾರ್ಕಿಂಗಿಗೇ ತಂದು ತಿರುಗಿಸಿ ನೋಡಿ. ಎಸಿಯ ತಾಪಮಾನ ಕಡಿಮೆ ಮಾಡಲು ಪರದೆಯಲ್ಲಿ ಮೂರು ಸಲ ಬೆರಳಾಡಿಸಬೇಕಾದರೆ ಅದು ನನ್ನ ಪಟ್ಟಿಯಲ್ಲಿ ದೊಡ್ಡ ದೋಷ. ಬಣ್ಣದ ಮೇಲಿನ ಲೇಪನ, ಸುಗಂಧದ ಪೊಟ್ಟಣ ಸೇರಿದ ಪ್ಯಾಕೇಜುಗಳನ್ನು ಬೆಲೆಪತ್ರದಿಂದ ತೆಗೆಸಬಹುದು. ಹೆಚ್ಚುವರಿ ವಾರಂಟಿ ಮಾತ್ರ ಟರ್ಬೊ, ಎರಡು ಕ್ಲಚ್ಚಿನಂಥ ಜಟಿಲ ಕಾರುಗಳಿಗೆ ಕೊಳ್ಳುವಂಥದ್ದು. ಇದೀಗ ಬಿಡುಗಡೆಯಾದ ಮಾದರಿಗೆ ಮೊದಲ ವರ್ಷ ಕಾಯುವುದು ಜಾಣತನ. ತಯಾರಿಕೆಯ ಸಣ್ಣಪುಟ್ಟ ಕುಂದುಗಳು ಆ ಅವಧಿಯಲ್ಲಿ ಬೆಳಕಿಗೆ ಬಂದು ತಿದ್ದುಪಡಿಯಾಗುತ್ತವೆ.

ಡೆಲಿವರಿಗೆ ಮುಂಚಿನ ಪರಿಶೀಲನೆಯನ್ನು ಹಗಲಿನಲ್ಲಿ, ಹೆಸರಿಗೆ ನೋಂದಣಿಯಾಗುವ ಮೊದಲೇ ಮಾಡಬೇಕು, ಏಕೆಂದರೆ ಆಮೇಲೆ ಬೇಡವೆನ್ನುವುದು ಕಷ್ಟ. ಬಾಗಿಲುಗಳ ಬಣ್ಣದ ಛಾಯೆ ಒಂದೇ ಇದೆಯೇ, ಎರಡು ಕೀಲಿ, ಜ್ಯಾಕ್, ಸ್ಪೇರ್ ಟೈರು ಅಥವಾ ಪಂಕ್ಚರ್ ಕಿಟ್ ಇವೆಯೇ ಎಂದು ನೋಡಿ. ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆ ಕಾಗದದಲ್ಲಿರುವುದಕ್ಕೂ ಕಾರಿನ ಮೇಲಿರುವುದಕ್ಕೂ ತಾಳೆಯಾಗಬೇಕು. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಆ ತಿಂಗಳಿಗೂ ಕಾರು ತಯಾರಾದ ತಿಂಗಳಿಗೂ ಬಹಳ ಅಂತರವಿದ್ದರೆ ಕಾರಣ ಕೇಳಬೇಕು. ಕಾರೇ ತಯಾರಾಗಿ ಹಲವು ತಿಂಗಳು ಅಂಗಳದಲ್ಲಿ ನಿಂತದ್ದಾದರೆ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷಿಸಿಕೊಡಲು ಹೇಳಿ, ಸೊರಗಿದ್ದರೆ ಹೊಸದನ್ನು ಹಾಕಿಸಿ, ನಿಂತ ಕಾಲಕ್ಕೆ ತಕ್ಕ ರಿಯಾಯಿತಿಯನ್ನು ಬಿಲ್ಲಿನಲ್ಲೇ ಬರೆಸಿಕೊಂಡು ಕೀಲಿ ಪಡೆಯಿರಿ.